ಕಾಲುವೆ ಬಂದ್ ಆದ ಮೇಲೆ ಕಬ್ಬು

ಏಪ್ರಿಲ್ ಬರುತ್ತಿದ್ದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ತಳ ಕಾಣತೊಡಗುತ್ತದೆ. ಮೊದಲು ಹೊಲಗಾಲುವೆ ಒಣಗುತ್ತದೆ, ಆಮೇಲೆ ಉಪಕಾಲುವೆ. ಕೊನೆಗೆ ಮುಖ್ಯ ಕಾಲುವೆಯಲ್ಲಿ ಅಲ್ಲಲ್ಲಿ ನಿಂತ ಹಸಿರು ನೀರಷ್ಟೇ ಉಳಿಯುತ್ತದೆ. ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ಎರಡನೇ ಬೆಳೆಯ ನೆಲ್ಲು ಕೊಯ್ಲಿಗೆ ಬಂದು, ಎರೆಹೊಲ ಬಾಯಿ ಬಿಡಲು ಶುರುಮಾಡುವ ಹೊತ್ತು ಅದು. ಕಾಲುವೆಗೆ ಮತ್ತೆ ನೀರು ಬರುವುದು ಜುಲೈನಲ್ಲಿ. ಮುಂಗಾರು ಕೈಕೊಟ್ಟರೆ ಆಗಸ್ಟ್‌ನಲ್ಲಿ. ನಡುವೆ ಹತ್ತಿರಹತ್ತಿರ ನೂರು ದಿನ.

ಈ ನೂರು ದಿನಗಳನ್ನು ಲೆಕ್ಕಕ್ಕೆ ಹಿಡಿಯದೆ, ನೀರಿನ ಕೊರತೆಯಿರುವ ಯಾವ ಊರಲ್ಲೂ ಕೇಳಿಬರುವ ಒಂದು ಪ್ರಶ್ನೆಗೆ ಇಲ್ಲಿ ಉತ್ತರ ಹೇಳಲಾಗದು: ‘ಕಮ್ಮಿ ನೀರಿಗೆ ಬರೋ ಕಬ್ಬು ಯಾವುದೈತ್ರೀ?’

ಮೊದಲೇ ಹೇಳಿಬಿಡುತ್ತೇನೆ, ಆರ್.ಎಚ್. ಕ್ಯಾಂಪ್ ಕಬ್ಬಿನ ನಾಡಲ್ಲ. ಇಲ್ಲಿ ಕಣ್ಣು ಹಾಯಿಸಿದಷ್ಟೂ ನೆಲ್ಲು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳಿಗೆ 1970ರ ಆಸುಪಾಸಿನಲ್ಲಿ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ ಎಂಬ ಮಾತೇ ಚುಟುಕಾಗಿ ಊರಿನ ಹೆಸರಾಯಿತು. ಪದ್ಮಾ, ಮೇಘನಾ ನದಿಗಳ ಕಡೆಯ ಜನ ತುಂಗಭದ್ರೆಯ ಕಾಲುವೆ ಬಯಲಿಗೆ ಬಂದು ಒಗ್ಗಿದ್ದು ನೆಲ್ಲಿನಿಂದಲೇ. ಸುತ್ತಲಿನ ಬೇರೆ ಕ್ಯಾಂಪ್‌ಗಳಿಗೆ ಆಂಧ್ರದ ರೈತರು ಅದಕ್ಕೂ ಮೊದಲೇ ಬಂದು, ಜೋಳ ಹತ್ತಿಯ ಎರೆಹೊಲಗಳನ್ನು ಮಡಿಗಳಾಗಿ ಬದಲಿಸಿದ್ದರು. ಹಾಗಿರುವಾಗ ಕಬ್ಬಿನ ಮಾತೇಕೆ? ನೆಲ್ಲಿನ ಮೇಲಿದ್ದ ಭರವಸೆ ಅಲುಗಾಡಿದೆ, ಅದಕ್ಕೆ.

2023ರಲ್ಲಿ ಬರ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹರಿಯುವ ನೀರಿಗೆ ಎದುರಾಗಿ ಸ್ಟಾಪ್‌ಲಾಗ್ ಇಳಿಸಿ ಜಲಾಶಯವನ್ನು ಉಳಿಸಿಕೊಂಡ ಆ ವಾರವನ್ನು ಈ ಭಾಗದ ಯಾರೂ ಮರೆತಿಲ್ಲ. ಆಮೇಲೆ ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದಾಯಿತು. ಆ ಕೆಲಸಕ್ಕಾಗಿ 2025-26ರ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಇದರ ಜೊತೆಗೆ ಹೂಳಿನ ಹಳೆಯ ಕಥೆಯಿದೆ. ಕಟ್ಟಿದಾಗ 132 ಟಿಎಂಸಿಗೂ ಮಿಕ್ಕಿ ಹಿಡಿಯುತ್ತಿದ್ದ ಜಲಾಶಯದ ಲೆಕ್ಕ ಈಗ 105.788 ಟಿಎಂಸಿಗೆ ಇಳಿದಿದೆ. 227 ಕಿ.ಮೀ. ಉದ್ದದ ಈ ಕಾಲುವೆ ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕು. ಅದೂ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳಿಗೆಂದು ರೂಪಿಸಿದ್ದು. ನೆಲ್ಲಿಗೆ, ಕಬ್ಬಿಗೆ ಗುರುತು ಮಾಡಿದ ನೆಲ ಸ್ವಲ್ಪವೇ. ಆ ಗುರುತು ಕಡತದಲ್ಲಿ ಉಳಿಯಿತು. ಮೇಲ್ಭಾಗದಲ್ಲಿ ನೆಲ್ಲು ಹಬ್ಬಿತು, ಕೆಳಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರು 69ನೇ ಮೈಲಿನ ಗೇಜು, 104ನೇ ಮೈಲಿನ ಗೇಜು ಎಂದು ವರ್ಷವರ್ಷವೂ ರಸ್ತೆಗಿಳಿಯಬೇಕಾಯಿತು.

ಇಂಥ ಕಾಲುವೆಯ ಮೇಲೆ ಕಬ್ಬು ಹಾಕುತ್ತೇನೆನ್ನುವವರಿಗೆ ಮೊದಲು ನೀರಿನ ಲೆಕ್ಕ ಹೇಳಬೇಕು. ಹನ್ನೆರಡು ತಿಂಗಳ ಕಬ್ಬು 1,500ರಿಂದ 2,500 ಮಿ.ಮೀ. ನೀರು ಬೇಡುತ್ತದೆ. ನಡುವಿನ 2,000 ಹಿಡಿದರೂ ಎಕರೆಗೆ ಸುಮಾರು 80 ಲಕ್ಷ ಲೀಟರ್. ಈ ಸೀಮೆಯ ವರ್ಷದ ಮಳೆ 600ರಿಂದ 650 ಮಿ.ಮೀ. ಅದರ ಒಂದು ಹನಿಯೂ ಹೊಲ ಬಿಟ್ಟು ಹೋಗಲಿಲ್ಲ ಎಂದುಕೊಂಡರೂ ಎಕರೆಗೆ 26 ಲಕ್ಷ ಲೀಟರ್ ದಾಟದು. ಉಳಿದಿದ್ದನ್ನು ಕಾಲುವೆ ಕೊಡಬೇಕು, ಇಲ್ಲವೇ ಬೋರ್‌ವೆಲ್. ನೆಲ್ಲಾದರೆ ನಾಲ್ಕು ತಿಂಗಳು ನೀರು ಕುಡಿದು ಮುಗಿಸುತ್ತದೆ. ಕಬ್ಬಿಗೆ ರಜೆಯಿಲ್ಲ.

ಇದೇ ಹೊಳೆಯ ಇನ್ನೊಂದು ದಂಡೆಯಲ್ಲಿ ಕಬ್ಬು ತಲೆಮಾರುಗಳಿಂದ ಬೆಳೆದಿದೆ. ಹೊಸಪೇಟೆ, ಕಂಪ್ಲಿ ಸುತ್ತಿನ ವಿಜಯನಗರ ಕಾಲದ ಕಾಲುವೆಗಳಲ್ಲಿ ವರ್ಷದ ಬಹುಪಾಲು ನೀರು ಹರಿಯುತ್ತದೆ. ಆದ್ದರಿಂದ ಅಲ್ಲಿ ಬಾಳೆ, ಕಬ್ಬು. ಎಡದಂಡೆಯದು ಹಂಗಾಮಿನ ಕಾಲುವೆ. ನೀರು ಒಂದೇ, ಮಣ್ಣಿನಲ್ಲೂ ಭಾರೀ ಅಂತರವಿಲ್ಲ. ಆದರೆ ಕಾಲುವೆಯ ಕ್ಯಾಲೆಂಡರೇ ಬೇರೆ. ಯಾವ ತಳಿ ಎಂದು ಕೇಳುವವರು ಸಾಮಾನ್ಯವಾಗಿ ಈ ಕ್ಯಾಲೆಂಡರನ್ನು ಮರೆತಿರುತ್ತಾರೆ. ತಳಿ ಮಾರುವವರಂತೂ ನೆನಪಿಸುವುದಿಲ್ಲ.

ಕಬ್ಬಿನ ಬಾಳಿನಲ್ಲಿ ನಾಲ್ಕು ಘಟ್ಟ. ನೆಟ್ಟ ಒಂದೂವರೆ ತಿಂಗಳಲ್ಲಿ ಕಣ್ಣು ಮೊಳೆಯುತ್ತದೆ. ಅಲ್ಲಿಂದ ನಾಲ್ಕು ತಿಂಗಳ ತನಕ ಮರಿ ಒಡೆಯುತ್ತದೆ. ಒಂಬತ್ತು ತಿಂಗಳವರೆಗೆ ದಂಟು ಭರದಿಂದ ಏಳುತ್ತದೆ. ಆಮೇಲೆ ಮಾಗಿ ಸಕ್ಕರೆ ಕೂಡಿಕೊಳ್ಳುತ್ತದೆ. ನೀರು ತಪ್ಪಿದರೆ ಅತಿ ಹೆಚ್ಚು ಹಾನಿ ಮರಿ ಒಡೆಯುವ ಘಟ್ಟದಲ್ಲಿ. ಸರಿಸುಮಾರು ಎರಡನೇ ತಿಂಗಳಿಂದ ಐದನೇ ತಿಂಗಳವರೆಗೆ ನೀರಿನ ಪಾಳಿ ತಪ್ಪಿದರೆ ಎಕರೆಗೆ ಎಷ್ಟು ಕಬ್ಬು ನಿಲ್ಲಬೇಕು ಎಂಬ ಲೆಕ್ಕವೇ ಕೆಡುತ್ತದೆ. ಹುಟ್ಟದ ಮರಿಯನ್ನು ಆಮೇಲೆ ಎಷ್ಟು ನೀರು ಕೊಟ್ಟರೂ ಹುಟ್ಟಿಸಲಾಗದು. ಒಣ ಬಿಸಿಲಿಗೆ ಸುಳಿಕೊರಕ ಹುಳುವೂ ಇದೇ ವೇಳೆಗೆ ಏರಿ, ಹುಟ್ಟಿದ ಮರಿಯ ಸುಳಿಯನ್ನೇ ಒಣಗಿಸುತ್ತದೆ. ಅದೇ ಒಣಹವೆ ಕಟಾವಿಗೆ ಮುಂಚಿನ ಮೂರು ನಾಲ್ಕು ವಾರ ಬಂದರೆ ವರ. ನೀರು ನಿಲ್ಲಿಸಿದ ಕಬ್ಬಿನಲ್ಲಿ ಸಕ್ಕರೆ ಏರುತ್ತದೆ.

ಈಗ ಕಾಲುವೆಯ ಕ್ಯಾಲೆಂಡರನ್ನು ಇದರ ಪಕ್ಕ ಇಡೋಣ. ಮೊದಲ ನೆಲ್ಲು ಕೊಯ್ದು ಜನವರಿಯಲ್ಲಿ ಕಬ್ಬು ನೆಟ್ಟರೆ, ಏಪ್ರಿಲ್‌ನಲ್ಲಿ ಕಾಲುವೆ ಬಂದ್ ಆಗುವಾಗ ಅದಕ್ಕೆ ಮೂರು ತಿಂಗಳು. ಮರಿ ಒಡೆಯುವ ಹೊತ್ತಿಗೆ ಸರಿಯಾಗಿ ಬಾಯಾರಿಕೆ. ಇದಕ್ಕಿಂತ ಕೆಟ್ಟ ಮುಹೂರ್ತ ಸಿಗದು. ಅಕ್ಟೋಬರ್ ಮೊದಲಾರ್ಧದಲ್ಲಿ ನೆಟ್ಟರೆ, ಅದೇ ಏಪ್ರಿಲ್‌ಗೆ ಐದೂವರೆ ತಿಂಗಳು ತುಂಬಿರುತ್ತದೆ. ಮರಿ ನಿಂತು, ಬೇರು ಕೆಳಗಿಳಿದು, ದಂಟು ಗೆಣ್ಣು ಕಟ್ಟಲು ತೊಡಗಿರುತ್ತದೆ. ಬೇಸಿಗೆಯಲ್ಲಿ ಬೆಳವಣಿಗೆ ನಿಲ್ಲುತ್ತದೆ, ನಿಜ. ಆದರೆ ಜುಲೈನಲ್ಲಿ ನೀರು ಬಂದಾಗ ಮೇಲೇಳಲು ಹೊಲದಲ್ಲಿ ಸಾಕಷ್ಟು ದಂಟುಗಳಿರುತ್ತವೆ. ಕಟಾವಿನವರೆಗೆ ನಾಲ್ಕೈದು ತಿಂಗಳೂ ಇರುತ್ತವೆ. ಜುಲೈ–ಆಗಸ್ಟ್‌ನ ಅಡಸಾಲಿ ನಾಟಿಗೆ ಇನ್ನೂ ಹೆಚ್ಚು ಕಾಲಾವಕಾಶ. ಆದರೆ ಬೇಸಿಗೆಗೆ ಅದು ಆಳೆತ್ತರದ ದೊಡ್ಡ ಸೋಗೆ ಹೊತ್ತು ನಿಂತಿರುತ್ತದೆ, ಕುಡಿಯುವುದೂ ಹೆಚ್ಚು. ಹಾಗಾಗಿ ಈ ಕಾಲುವೆಗೆ ಅಕ್ಟೋಬರ್ ನಾಟಿಯೇ ಮೇಲೆಂಬುದು ನನ್ನ ಎಣಿಕೆ. ಅಕ್ಟೋಬರ್‌ಗೆ ಹೊಲ ಖಾಲಿ ಇರಬೇಕಾದರೆ ಅಷ್ಟು ನೆಲದ ಮುಂಗಾರು ನೆಲ್ಲನ್ನು ಬಿಡಬೇಕು, ಅದು ಸಣ್ಣ ಮಾತಲ್ಲ. ಆದರೂ ಒಳ್ಳೆಯ ತಳಿಯನ್ನು ತಪ್ಪು ತಿಂಗಳಲ್ಲಿ ನೆಡುವುದಕ್ಕಿಂತ, ಇರುವ ತಳಿಯನ್ನು ಸರಿಯಾದ ತಿಂಗಳಲ್ಲಿ ನೆಡುವುದು ಲೇಸು.

ತಳಿಯ ಮಾತಿಗೆ ಬರೋಣ. ಬರಗಾಲಕ್ಕೆ ಎಲ್ಲ ಕಬ್ಬೂ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ. ಕೆಲವು ತಳಿಗಳು ಬಾಯಾರಿಕೆ ಸುಳಿವು ಸಿಕ್ಕ ಕೂಡಲೇ ಎಲೆಯ ರಂಧ್ರ ಮುಚ್ಚಿ, ಎಲೆಯನ್ನು ಕೊಳವೆಯಂತೆ ಸುತ್ತಿಕೊಂಡು, ಕೆಳಗಿನ ಗರಿಗಳನ್ನು ಒಣಗಿಸಿ ಕೂರುತ್ತವೆ. ಜೀವ ಉಳಿಯುತ್ತದೆ, ತೂಕ ನಿಲ್ಲುತ್ತದೆ. ಇನ್ನು ಕೆಲವು ಆಳದ ಬೇರಿನ ಬಲದಿಂದ ಕುಡಿಯುತ್ತಲೇ ಇರುತ್ತವೆ. ಮಣ್ಣಿನಲ್ಲಿ ತೇವ ಇರುವಷ್ಟು ದಿನ ಬೆಳೆಯುತ್ತವೆ, ತೀರಿದ ದಿನ ಸೊರಗುತ್ತವೆ. ಮೀಟರು ಆಳದ ಎರೆಮಣ್ಣು ಬೆಳೆಗೆ ಸಿಗುವಂತೆ 150ರಿಂದ 200 ಮಿ.ಮೀ. ನೀರು ಹಿಡಿದಿಡಬಲ್ಲದು. ಸಿಂಧನೂರಿನ ಮೇ ಬಿಸಿಲಿಗೆ ಅದು ಮೂರು ನಾಲ್ಕು ವಾರಕ್ಕೆ ಮುಗಿಯುತ್ತದೆ. ನೂರು ದಿನದ ಬಾಯಾರಿಕೆಯ ಮುಂದೆ ಬೇರಿನ ಆಳವೊಂದೇ ಸಾಲದು. ಇಲ್ಲಿ ಬೇಕಾದದ್ದು ಸುಮ್ಮನೆ ಕೂತು, ನೀರು ಬಂದ ಕೂಡಲೇ ಎದ್ದು ಓಡುವ ಗುಣ.

ಹೆಸರು ಹಿಡಿದು ಹೇಳುವುದಾದರೆ ಕೊ 86032 ಮೊದಲು. ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯ ಕೂಸು. ಕೊ 62198 ಮತ್ತು ಕೊಸಿ 671ರ ಸಂಕರ. 2000ದಲ್ಲಿ ‘ನಯನಾ’ ಎಂಬ ಹೆಸರಿನಲ್ಲಿ ಬಿಡುಗಡೆಯಾಗಿ ದಕ್ಷಿಣ ಭಾರತದ ಹೊಲಗಳನ್ನು ಆಳಿತು. ತಾಯಿ ತಂದೆಯರಲ್ಲಿ ಒಂದಾದ 671 ಬೇಗ ಮಾಗುವ, ಸಕ್ಕರೆ ತುಂಬಿದ ಕಬ್ಬು, ಆದರೆ ರೋಗಕ್ಕೆ ಸುಲಭದ ತುತ್ತು. ಮಗುವಿಗೆ ಸಕ್ಕರೆ ಬಂತು, ಜೊತೆಗೆ ಗಟ್ಟಿತನವೂ ಬಂತು. ಚೆನ್ನಾಗಿ ಮರಿ ಒಡೆಯುತ್ತದೆ, ಕೂಳೆ ಚೆನ್ನಾಗಿ ಬರುತ್ತದೆ, ಮಧ್ಯಮ ಬರವನ್ನು ತಾಳುತ್ತದೆ. ‘ಮಧ್ಯಮ’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಎರಡು ಪಾಳಿ ತಪ್ಪಿದರೆ ಸಹಿಸುತ್ತದೆ, ನೂರು ದಿನ ತಪ್ಪಿದರೆ ಅಲ್ಲ. ‘ಭೀಮಾ’ ಎಂಬ ಕೊ 8371 ಬರವನ್ನೂ ನೀರು ನಿಲ್ಲುವುದನ್ನೂ ತಾಳಿಕೊಳ್ಳುತ್ತದೆಂದು ಹೆಸರಾದದ್ದು. ನೆಲ್ಲಿನ ಮಡಿಗಳ ಪಕ್ಕದ ಹೊಲಕ್ಕೆ ಈ ಎರಡನೇ ಗುಣವೂ ಬೇಕಾಗುತ್ತದೆ: ಮೇನಲ್ಲಿ ಬಿರುಕು ಬಿಟ್ಟ ನೆಲವೇ ಸೆಪ್ಟೆಂಬರ್‌ನಲ್ಲಿ ಬಸಿನೀರಿನಲ್ಲಿ ನಿಂತಿರುತ್ತದೆ.

ಮಹಾರಾಷ್ಟ್ರದಿಂದ ಬಂದ ‘265’, ಅಂದರೆ ಕೊಎಂ 0265, ಇನ್ನೊಂದು ಕಾರಣಕ್ಕೆ ಇಲ್ಲಿ ಚರ್ಚೆಗೆ ಅರ್ಹ. ತೂಕ ಹೆಚ್ಚು, ಕೂಳೆ ಗಟ್ಟಿ, ಉಪ್ಪನ್ನು ತಾಳುತ್ತದೆ. ಸಕ್ಕರೆ ಇಳುವರಿ ಕಡಿಮೆಯೆಂದು ಕಾರ್ಖಾನೆಗಳಿಗೆ ಅಷ್ಟಾಗಿ ಒಗ್ಗದು. ಉಪ್ಪಿನ ಮಾತನ್ನು ನಾನು ಒತ್ತಿ ಹೇಳಲು ಕಾರಣವಿದೆ. ದಶಕಗಳ ನೆಲ್ಲಿನಿಂದ ಈ ಭಾಗದ ತಗ್ಗುಗಳೆಲ್ಲ ಸವಳು-ಜವಳಾಗಿವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಳಿಂದ ಇದರ ಮೇಲೆಯೇ ದುಡಿಯುತ್ತಿದೆ. ಕಬ್ಬು ಉಪ್ಪಿಗೆ ಅಂಜುವ ಬೆಳೆ. ಮಣ್ಣಿನ ಲವಣಾಂಶ ಮೀಟರಿಗೆ 1.7 ಡೆಸಿಸೀಮೆನ್ಸ್ ದಾಟುತ್ತಿದ್ದಂತೆ ಇಳುವರಿ ಕುಸಿಯತೊಡಗುತ್ತದೆ. ನೀರು ಕಡಿಮೆಯಾದಷ್ಟೂ ಮಣ್ಣಿನ ತೇವದಲ್ಲಿ ಉಪ್ಪು ಗಟ್ಟಿಯಾಗುತ್ತದೆ. ಬೇರಿನ ಸುತ್ತ ತೇವ ಇದ್ದರೂ ಗಿಡ ಕುಡಿಯಲಾರದು. ಬೇಸಿಗೆಯಲ್ಲಿ ಜೀವ ಉಳಿಸಲೆಂದು ಸವಳು ಬೋರ್‌ವೆಲ್ ನೀರು ಬಿಟ್ಟರೆ ಬಾಯಾರಿದವನಿಗೆ ಉಪ್ಪುನೀರು ಕುಡಿಸಿದಂತೆ. ಆದ್ದರಿಂದ ಇಲ್ಲಿ ತಳಿ ಆರಿಸುವ ಮುನ್ನ ಮಣ್ಣು, ಬೋರಿನ ನೀರು ಎರಡನ್ನೂ ಪರೀಕ್ಷೆ ಮಾಡಿಸಲೇಬೇಕು.

ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಸಂಶೋಧನಾ ಕೇಂದ್ರದ ತಳಿಗಳಿಗೆ ‘ಎಸ್‌ಎನ್‌ಕೆ’ ಎಂಬ ಗುರುತು. ಮಂಡ್ಯದ ವಿ.ಸಿ. ಫಾರ್ಮಿನವುಗಳಿಗೆ ‘ವಿ.ಸಿ.’, ಅದು ವಿಶ್ವೇಶ್ವರಯ್ಯ ಕೆನಾಲ್. ನೀರು ಹಂಚುವುದೇ ಒಂದು ವಿದ್ಯೆ ಎಂದು ತೋರಿಸಿದವರ ಹೆಸರು ಕಬ್ಬಿನ ತಳಿಯ ಮೈಮೇಲೆ ಇರುವುದು ನನಗೆ ಬಹಳ ಇಷ್ಟ. 19ನೇ ಶತಮಾನದ ಕೊನೆಗೆ ಪುಣೆ ಸೀಮೆಯ ನೀರಾ ಕಾಲುವೆಯಲ್ಲಿ ಕಬ್ಬೇ ನೀರನ್ನೆಲ್ಲ ನುಂಗುತ್ತಿದ್ದಾಗ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿ ತಂದರು. ನೆಲವನ್ನು ಪಾಲು ಮಾಡಿ, ಒಂದು ಪಾಲಿಗೆ ಕಬ್ಬು, ಉಳಿದದ್ದಕ್ಕೆ ಕಡಿಮೆ ನೀರಿನ ಬೆಳೆ, ವರ್ಷವರ್ಷಕ್ಕೆ ಪಾಳಿ ಬದಲು. ಎಡದಂಡೆಯಲ್ಲಿ ಅಂಥ ಶಿಸ್ತು ಉಳಿದಿದ್ದರೆ ಕಾಲುವೆಯ ಕೆಳಭಾಗದವರಿಗೂ ನೀರು ಮುಟ್ಟುತ್ತಿತ್ತು.

ಕಬ್ಬಿಗೆ ಬರ ತಾಳುವ ಗುಣ ಎಲ್ಲಿಂದ ಬಂತು ಎಂಬುದನ್ನು ಆರ್.ಎಚ್. ಕ್ಯಾಂಪಿನಲ್ಲಿ ಹೇಳಿದರೆ ಅಲ್ಲಿಯವರಿಗೆ ಬೇರೆ ಯಾರಿಗಿಂತಲೂ ಬೇಗ ಅರ್ಥವಾದೀತು. ಬಂಗಾಳದಲ್ಲಿ ಮಳೆ ಮುಗಿದು ಆಕಾಶ ತಿಳಿಯಾದಾಗ ಹೊಳೆದಂಡೆಗಳಲ್ಲಿ ಬೆಳ್ಳಗೆ ಚಾಮರದಂತೆ ಕಾಶಹುಲ್ಲು ಅರಳುತ್ತದೆ. ಕಾಶ್ ಅರಳಿತೆಂದರೆ ದುರ್ಗಾಪೂಜೆ ಬಂತೆಂದೇ ಅರ್ಥ. ಕ್ಯಾಂಪ್‌ಗಳಲ್ಲಿ ಈಗಲೂ ದುರ್ಗಾಪೂಜೆ ನಡೆಯುತ್ತದೆ. ಆ ಹುಲ್ಲಿನ ಶಾಸ್ತ್ರೀಯ ಹೆಸರು ಸ್ಯಾಕರಮ್ ಸ್ಪಾಂಟೇನಿಯಮ್. ಕಬ್ಬಿನದೇ ಕುಲ, ಕಬ್ಬಿನ ಕಾಡು ದಾಯಾದಿ.

ದಪ್ಪ, ಮೃದು, ರಸತುಂಬಿದ ಹಳೆಯ ಕಬ್ಬುಗಳು ಉಷ್ಣವಲಯದ ತೋಟದ ಮಕ್ಕಳು. ಉತ್ತರ ಭಾರತದ ಚಳಿಗೆ, ಬರಕ್ಕೆ ನಿಲ್ಲುತ್ತಿರಲಿಲ್ಲ. 1912ರಲ್ಲಿ ಕೊಯಮತ್ತೂರಿನಲ್ಲಿ ತಳಿ ಸಂಸ್ಥೆ ತೆರೆಯಿತು. ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ‘ವೆಲ್ಲೈ’ ಎಂಬ ದಪ್ಪ ಕಬ್ಬನ್ನು ಅಲ್ಲಿನ ಕಾಶಹುಲ್ಲಿನೊಂದಿಗೆ ಸಂಕರ ಮಾಡಿದರು. ಸಿಹಿಯಿಲ್ಲದ, ಕಡ್ಡಿಯಂಥ ಹುಲ್ಲಿನೊಂದಿಗೆ ಸಿಹಿಕಬ್ಬಿನ ಸಂಬಂಧ ಬೆಳೆಸುವ ಧೈರ್ಯ ಆ ಕಾಲಕ್ಕೆ ಕಡಿಮೆಯದಲ್ಲ. ಹುಟ್ಟಿದ ಕೊ 205 ಅನ್ನು 1918ರಲ್ಲಿ ಪಂಜಾಬಿಗೆ ಕೊಟ್ಟರು. ಅಲ್ಲಿನ ‘ಕಾಠಾ’ ಕಬ್ಬಿಗಿಂತ ಅದು ಸುಮಾರು ಒಂದೂವರೆಪಟ್ಟು ಬೆಳೆಯಿತು. ಮುಂದೆ 1934ರಲ್ಲಿ ಇದೇ ಸಂಸ್ಥೆ ಸೇರಿದ ಜಾನಕಿ ಅಮ್ಮಾಳ್ ಕಬ್ಬಿನ ವರ್ಣತಂತುಗಳ ಒಗಟು ಬಿಡಿಸಲು ವರ್ಷಗಟ್ಟಲೆ ಕೂತರು. ಇಂದು ಹೊಲದಲ್ಲಿರುವ ಯಾವ ‘ಕೊ’ ಕಬ್ಬನ್ನು ಹಿಡಿದು ವಂಶ ಕೆದಕಿದರೂ ಎಲ್ಲೋ ಹಿಂದೆ ಕಾಶಹುಲ್ಲು ಸಿಗುತ್ತದೆ. ಮರಿ ಒಡೆಯುವ ಛಲ, ಕೂಳೆಯಲ್ಲಿ ಮತ್ತೆ ಚಿಗುರುವ ಹಟ, ನೀರಿಲ್ಲದ ದಿನಗಳನ್ನು ದೂಡುವ ತಾಳ್ಮೆ, ಎಲ್ಲವೂ ಬಹುಮಟ್ಟಿಗೆ ಆ ಹುಲ್ಲಿನ ಬಳುವಳಿ.

ಇಂಡೋನೇಷ್ಯಾದಲ್ಲಿ ಇನ್ನೊಂದು ದಾರಿ ಹಿಡಿದರು. ಬೀಟೇನ್ ಎಂಬ ವಸ್ತುವನ್ನು ತಯಾರಿಸುವ ಬ್ಯಾಕ್ಟೀರಿಯಾದ ಜೀನ್ ಸೇರಿಸಿ ಬರ ತಾಳುವ ಕುಲಾಂತರಿ ಕಬ್ಬನ್ನು ರೂಪಿಸಿ, 2013ರಲ್ಲಿ ಅನುಮತಿ ಕೊಟ್ಟರು. ನಮ್ಮ ಹೊಲಕ್ಕೆ ಅದು ಇನ್ನೂ ದೂರದ ಮಾತು. ಅದು ಬಂದರೂ ನೂರು ದಿನದ ಕಾಲುವೆ ಬಂದ್ ಅನ್ನು ತುಂಬಿಕೊಡುವ ಜೀನ್ ಯಾವುದೂ ಇಲ್ಲ.

ಹಾಗಾದರೆ ಬೇಸಿಗೆ ದಾಟಿಸುವುದು ಹೇಗೆ? ನನ್ನ ಮಟ್ಟಿಗೆ ಉತ್ತರ ಕೊಳದಲ್ಲಿದೆ. ಮನೆಯ ಬಳಿ ‘ಪುಕುರ್’ ತೋಡಿ ಮೀನು ಸಾಕುವ ವಿದ್ಯೆ ಬಂಗಾಳದವರಿಗೆ ಹೊಸದಾಗಿ ಕಲಿಸಬೇಕಿಲ್ಲ, ಸಿಂಧನೂರು ಸೀಮೆಗೂ ಮೀನಿನ ಕೊಳ ಅಪರೂಪವಲ್ಲ. 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡವನ್ನು ಮಾರ್ಚ್ ಕೊನೆಯ ಪಾಳಿಯಲ್ಲಿ ತುಂಬಿಸಿಟ್ಟರೆ ಒಂಬತ್ತು ಲಕ್ಷ ಲೀಟರ್‌ಗೂ ಮಿಕ್ಕಿ ಹಿಡಿಯುತ್ತದೆ. ಬಿಸಿಲು ಮೂರು ಲಕ್ಷ ಕುಡಿಯಲಿ. ಆರು ಲಕ್ಷ ಉಳಿಯಿತು. ಹನಿ ನೀರಾವರಿಯಲ್ಲಿ ಒಂದು ಸಲಕ್ಕೆ 20 ಮಿ.ಮೀ.ನಂತೆ ನಾಲ್ಕು ಸಲ ಕೊಟ್ಟರೆ ಎಕರೆಗೆ ಮೂರೂಕಾಲು ಲಕ್ಷ ಲೀಟರ್ ಬೇಕು. ಅಂದರೆ ಒಂದು ಹೊಂಡದಿಂದ ಹೆಚ್ಚೆಂದರೆ ಎರಡು ಎಕರೆ ಕಬ್ಬಿನ ಜೀವ ಉಳಿಯುತ್ತದೆ. ಹತ್ತು ಎಕರೆ ಕಬ್ಬಿನ ಆಸೆ ಇದ್ದವರು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ಎದುರಿಗೆ ಇಟ್ಟುಕೊಳ್ಳಲಿ.

ಕೊಳವಿಲ್ಲದವರಿಗೂ ಕೆಲವು ಉಪಾಯಗಳಿವೆ. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸುವುದು ಹಳೆಯ ದಾರಿ. ಕೂಳೆಯಲ್ಲಿ ರವದಿಗೆ ಬೆಂಕಿ ಕೊಡದೆ ಸಾಲುಗಳ ನಡುವೆ ಹಾಸಬೇಕು. ಕಟಾವಾದ ಹೊಲಕ್ಕೆ ಬೆಂಕಿ ಹಚ್ಚಿದ ಸಂಜೆ ದೂರದಿಂದ ಕಾಣುವ ಆ ಕೆಂಪು ಗೆರೆ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸುಡುತ್ತಿರುವುದು ಮುಂದಿನ ಬೇಸಿಗೆಯ ತೇವ. ತಮಿಳುನಾಡಿನಲ್ಲಿ ಬರ ಬೀಳುವ ಹೊಲಕ್ಕೆ ನೆಡುವ ಮುನ್ನ ಬಿತ್ತನೆ ತುಂಡುಗಳನ್ನು ಸುಣ್ಣದ ನೀರಿನಲ್ಲಿ ಒಂದು ತಾಸು ನೆನೆಸುತ್ತಾರೆ: 400 ಲೀಟರ್ ನೀರಿಗೆ 80 ಕೆ.ಜಿ. ಸುಟ್ಟ ಸುಣ್ಣ. ನೀರು ತಪ್ಪಿದ ದಿನಗಳಲ್ಲಿ ಲೀಟರಿಗೆ 25 ಗ್ರಾಂ ಪೊಟ್ಯಾಷ್, 25 ಗ್ರಾಂ ಯೂರಿಯಾ ಬೆರೆಸಿ 15 ದಿನಕ್ಕೊಮ್ಮೆ ಎಲೆಗೆ ಸಿಂಪಡಿಸುತ್ತಾರೆ. ಪೊಟ್ಯಾಷ್ ಎಲೆಯ ರಂಧ್ರಗಳನ್ನು ಹದ್ದಿನಲ್ಲಿಡುತ್ತದೆ. ಹುನಗುಂದ ತಾಲ್ಲೂಕಿನ ರಾಮಥಾಳದಲ್ಲಿ ಕೃಷ್ಣೆಯ ನೀರನ್ನು ಹನಿ ನೀರಾವರಿಯಾಗಿಯೇ 24 ಸಾವಿರ ಹೆಕ್ಟೇರಿಗೆ ಹಂಚುವ ಯೋಜನೆ ಬಂತು. ಲಿಂಗಸುಗೂರಿನ ಗಡಿಯಾಚೆಗೇ ಇರುವ ಅದರ ಏಳುಬೀಳುಗಳಿಂದ ನಾವು ಕಲಿಯಬೇಕಾದದ್ದು ಬೇಕಾದಷ್ಟಿದೆ. ಮಸ್ಕಿಯ ಪಾಮನಕಲ್ಲೂರಿನಲ್ಲಿ 2020ರಿಂದ ತಿಂಗಳುಗಟ್ಟಲೆ ಧರಣಿ ಕೂತ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಹೋರಾಡಿದರು. ಒಂದು ಬೆಳೆಗಾದರೂ ನೀರು ಸಿಗಲಿ ಎಂದು ಕೂತವರ ನೆರೆಯಲ್ಲಿ ವರ್ಷಪೂರ್ತಿ ನೀರು ಬೇಡುವ ಬೆಳೆ ಹಾಕುವಾಗ ಕೈ ಸ್ವಲ್ಪ ತಡೆಯಬೇಕು.

ನೀರು ಯಾವಾಗ ಕೊಡಬೇಕು ಎಂಬುದನ್ನು ಗಿಡವೇ ಹೇಳುತ್ತದೆ. ಮಧ್ಯಾಹ್ನ ಎಲೆ ಸುತ್ತಿಕೊಂಡಿದ್ದರೆ ಗಾಬರಿ ಬೇಡ, ಅದು ಕಬ್ಬು ತನ್ನನ್ನು ತಾನು ಕಾಪಾಡಿಕೊಳ್ಳುವ ಬಗೆ. ಬೆಳಗಿನ ಜಾವ ಹೊಲಕ್ಕೆ ಹೋಗಿ ನೋಡಬೇಕು. ರಾತ್ರಿಯಿಡೀ ತಂಪಿದ್ದರೂ ಎಲೆ ಬಿಚ್ಚಿಕೊಂಡಿಲ್ಲವೆಂದರೆ ಬೇರಿಗೆ ಏನೂ ಸಿಕ್ಕಿಲ್ಲ. ಹೊಂಡದ ಮೋಟರ್ ಹಾಕಬೇಕಾದದ್ದು ಆ ದಿನ.

ಕಟಾವಿನ ಹೊತ್ತಿಗೆ ಇಂಥ ಹೊಲದ ಒಂದು ಕಬ್ಬನ್ನು ಬುಡಸಮೇತ ಕಡಿದು, ಸೋಗೆ ಸುಲಿದು ಕೈಯಲ್ಲಿ ಹಿಡಿದು ನೋಡಿ. ಬುಡದ ಕಡೆ ಕೆಲವು ಗಳೆಗಳು ಗೇಣುದ್ದ ಬರಲು ಹವಣಿಸುತ್ತಿರುತ್ತವೆ; ಅವು ಫೆಬ್ರುವರಿ, ಮಾರ್ಚ್, ಕಾಲುವೆ ಹರಿಯುತ್ತಿದ್ದ ದಿನಗಳು. ಅಲ್ಲಿಂದ ಮೇಲೆ ಗೆಣ್ಣುಗಳು ಹತ್ತಿರ ಹತ್ತಿರವಾಗುತ್ತ, ಎರಡು ಬೆರಳಗಲ, ಒಂದು ಬೆರಳಗಲ, ಒಂದರ ಮೇಲೊಂದು ಕೂತಂತೆ ಗಂಟುಗಂಟಾಗಿರುತ್ತವೆ. ಹೆಬ್ಬೆರಳು ಸವರಿದರೆ ಏಪ್ರಿಲ್, ಮೇ, ಜೂನ್ ಬೆರಳಿಗೆ ಸಿಗುತ್ತವೆ. ಅದರ ಮೇಲೆ ಥಟ್ಟನೆ ಒಂದು ಉದ್ದ ಗಳೆ. ಕಾಲುವೆಗೆ ನೀರು ಬಿಟ್ಟದ್ದು ಅಲ್ಲಿ.